ಕಡಲಿನಲ್ಲಿ ಗಾಳ: ಬಯಲುಸೀಮೆಯ ಹೊಸಬರಿಗೆ ಎರಡು ಮಾತು

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಕೆರೆಯ ನೀರು, ಇಲ್ಲವೆ ಕೊಳವೆಬಾವಿಯ ನೀರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹುಡುಗರು ಗಾಳ ಹಾಕಲು ಕಲಿಯುವುದು ಮಳೆ ಬಂದು ತುಂಬಿದ ಕೆರೆಯ ದಡದಲ್ಲಿ. ಒಂದು ಬಿದಿರ ಕಡ್ಡಿ, ಒಂದಿಷ್ಟು ದಾರ, ಬೆಂಡು, ಎರೆಹುಳು: ಇಷ್ಟೇ ಸಾಮಗ್ರಿ. ಅಲ್ಲಿ ಗಾಳವು ನಿಂತಿರುತ್ತದೆ. ಮೀನು ಅದರ ಬಳಿಗೆ ಬರಬೇಕು. ಕಡಲಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಪದ್ಧತಿಯುಂಟು. ಚಲಿಸುವ ದೋಣಿಯ ಹಿಂದೆ ಉದ್ದನೆಯ ದಾರವನ್ನು ಬಿಟ್ಟು, ಅದರ ತುದಿಯಲ್ಲಿ ಎರೆಯನ್ನೋ ಮೀನಿನಂತೆ ಹೊಳೆಯುವ ಹುಸಿಮೀನನ್ನೋ ಕಟ್ಟಿ ಎಳೆದುಕೊಂಡು ಹೋಗುವುದು. ಇದಕ್ಕೆ ಟ್ರೋಲಿಂಗ್ ಎಂದು ಹೆಸರು.

ಈ ಹೆಸರಿನಿಂದಲೇ ಗೊಂದಲವೂ ಆರಂಭವಾಗುತ್ತದೆ. ದೊಡ್ಡ ಬಲೆಯನ್ನು ಎಳೆಯುವ ಟ್ರಾಲಿಂಗ್ ಬೇರೆ, ಒಂದು ದಾರವನ್ನು ಎಳೆಯುವ ಟ್ರೋಲಿಂಗ್ ಬೇರೆ. ಕೇರಳದಲ್ಲಿ ಮಳೆಗಾಲದ ಟ್ರಾಲ್ ಬಲೆಯ ನಿಷೇಧವನ್ನೇ ಟ್ರೋಲಿಂಗ್ ನಿಷೇಧವೆಂದು ಕರೆಯುವ ರೂಢಿಯುಂಟು. ಒಂದು ಅಕ್ಷರದ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ. ಟ್ರಾಲ್ ಬಲೆಯು ತನ್ನ ದಾರಿಯಲ್ಲಿ ಸಿಕ್ಕಿದ್ದೆಲ್ಲವನ್ನೂ, ಬೇಕಾದುದನ್ನೂ ಬೇಡವಾದುದನ್ನೂ, ಮರಿಯನ್ನೂ ಬಲಿತದ್ದನ್ನೂ ಒಟ್ಟಿಗೆ ಬಾಚುತ್ತದೆ. ದಾರವಾದರೋ ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುತ್ತದೆ. ಆದುದರಿಂದ ದಾರದವನು ನಿರಪರಾಧಿ ಎಂಬ ಭಾವನೆಯು ಸಹಜವಾಗಿಯೇ ಮೂಡುತ್ತದೆ. ನಾವೂ ಹಾಗೆಯೇ ಭಾವಿಸಿ ಒಂದು ಡಿಸೆಂಬರಿನಲ್ಲಿ 400 ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿ ಮಲ್ಪೆಗೆ ಹೋದೆವು. ಆ ಭಾವನೆ ಅಷ್ಟೇನೂ ಸರಿಯಲ್ಲವೆಂದು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ವಿಜ್ಞಾನದ ಮಾತನ್ನು ಮುಗಿಸೋಣ. ಹೆಚ್ಚು ದಾರ ಬಿಟ್ಟರೆ ಎರೆಯು ಹೆಚ್ಚು ಆಳಕ್ಕೆ ಹೋಗುವುದೆಂದು ಹೊಸಬನು ತಿಳಿಯುತ್ತಾನೆ. ಕೆರೆಯಲ್ಲಿ ಇದು ನಿಜ. ಚಲಿಸುವ ದೋಣಿಯಲ್ಲಿ ನಿಜವಲ್ಲ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ಅದರಲ್ಲಿ ಚಲಿಸುವ ವಸ್ತುವಿಗೆ ಉಂಟಾಗುವ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿಯಾಗುತ್ತದೆ. ಒಂದು ಗುಂಡನ್ನು 10 ಮೀಟರ್ ದಾರಕ್ಕೆ ಕಟ್ಟಿ ಎಳೆಯುತ್ತಿರುವೆವೆಂದು ಊಹಿಸಿರಿ. ಯಾವುದೋ ಒಂದು ವೇಗದಲ್ಲಿ ನೀರಿನ ತಡೆಯೂ ನೀರಿನಲ್ಲಿ ಆ ಗುಂಡಿನ ತೂಕವೂ ಸಮವಾದರೆ ದಾರವು 45 ಡಿಗ್ರಿ ಓರೆಯಾಗಿ, ಗುಂಡು ಸುಮಾರು 7 ಮೀಟರ್ ಆಳದಲ್ಲಿರುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಅದೇ ಗುಂಡು ಸುಮಾರು 2.4 ಮೀಟರಿಗೆ ಏರಿಬಿಡುತ್ತದೆ. ಇಲ್ಲಿ ದಾರದ ಮೇಲಿನ ತಡೆಯನ್ನು ನಾವು ಗಣಿಸಿಲ್ಲ. ಗಣಿಸಿದರೆ ಗುಂಡು ಇನ್ನೂ ಮೇಲಕ್ಕೇ ಬರುತ್ತದೆ. ನಮ್ಮ ಊರಿನ ಕಲ್ಯಾಣಿಯ ಮೆಟ್ಟಿಲ ಬದಿಯಲ್ಲಿ, ಹಿರಿಯರೊಬ್ಬರನ್ನು ಜೊತೆಗಿರಿಸಿಕೊಂಡು, ದಾರಕ್ಕೆ ಒಂದು ಚಮಚವನ್ನು ಕಟ್ಟಿ ಮೊದಲು ಮೆಲ್ಲಗೆ, ಅನಂತರ ಬೇಗನೆ ಎಳೆದು ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ದಾರದ ಕಥೆಯೂ ಸ್ವಾರಸ್ಯವಾದುದೇ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಈ ಸಂಗತಿ ಸಂತೋಷವನ್ನುಂಟುಮಾಡೀತು. ನೈಲಾನು ಬರುವುದಕ್ಕೆ ಮುನ್ನ ಯೂರೋಪಿನಲ್ಲಿ ಗಾಳದ ತುದಿಗೆ ಕಟ್ಟುತ್ತಿದ್ದ ಎಳೆಯು ರೇಷ್ಮೆಹುಳುವಿನದೇ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರಿನಲ್ಲಿ ನೆನೆಸಿ, ಅದರ ರೇಷ್ಮೆಯ ಗ್ರಂಥಿಯನ್ನು ಹೊರತೆಗೆದು, ಹಿಂಜಿ ಒಣಗಿಸಿ ಆ ಎಳೆಯನ್ನು ಮಾಡುತ್ತಿದ್ದರು. ಸ್ಪೇನ್ ದೇಶದ ಮುರ್ಸಿಯಾ ಪ್ರಾಂತವು ಇದಕ್ಕೆ ಹೆಸರಾಗಿತ್ತು. 1938ರಲ್ಲಿ ನೈಲಾನು ಪ್ರಕಟವಾದ ಮೇಲೆ ಆ ಕಸುಬು ಕ್ರಮೇಣ ಅಳಿಯಿತು. ನೈಲಾನು ಚೆನ್ನಾಗಿ ಹಿಗ್ಗುತ್ತದೆ. ಈಗ ಬಳಕೆಯಲ್ಲಿರುವ ಹೆಣೆದ ದಾರಗಳು ಬಲವಾದುವಾದರೂ ಹಿಗ್ಗುವುದು ತೀರ ಕಡಿಮೆ. ಈ ಗುಣಕ್ಕೂ ನಮ್ಮ ತಪ್ಪಿಗೂ ಸಂಬಂಧವುಂಟು.

ದೋಣಿಯು ಗಂಟೆಗೆ 9 ಕಿಲೋಮೀಟರಿನಷ್ಟು ವೇಗದಲ್ಲಿ ಸಾಗುತ್ತಿತ್ತು. ಕೋಲಿನ ಬುಡದಲ್ಲಿ ದಾರ ಸುತ್ತುವ ರೀಲಿಗೆ ಒಂದು ಬ್ರೇಕು ಇರುತ್ತದೆ. ಮೀನು ಬಲವಾಗಿ ಎಳೆದಾಗ ದಾರವನ್ನು ತುಸು ತುಸುವಾಗಿ ಬಿಡುವುದು ಇದರ ಕೆಲಸ. ದೋಣಿಯವರು ಅದನ್ನು ಸಡಿಲವಾಗಿಯೇ ಇಟ್ಟಿದ್ದರು. ಮೀನು ತಪ್ಪಿಸಿಕೊಂಡೀತೆಂಬ ಆಸೆಬುರುಕತನದಿಂದ ನಾವು ಅವರಿಗೆ ಕಾಣದಂತೆ ಅದನ್ನು ಪೂರ್ತಿ ಬಿಗಿದೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಅಂಜಲ್ ಮೀನು ಎರಗಿತು. ಒಮ್ಮೆ ಕೋಲು ಬಾಗಿತು. ಮರುಕ್ಷಣದಲ್ಲಿ ದಾರ ಕಡಿಯಿತು. ಹುಸಿಮೀನೂ, ಅದರ ಮೂರು ಮೊನೆಯ ಕೊಕ್ಕೆಯೂ, ಮೀನಿನ ಹಲ್ಲಿಗೆ ಕಡಿಯದಿರಲೆಂದು ಕಟ್ಟಿದ್ದ ಉಕ್ಕಿನ ತಂತಿಯೂ ಅದರ ಬಾಯಲ್ಲೇ ಹೋದುವು.

"ಎಂಥದು ಮಾಷ್ಟ್ರೇ, ಬ್ರೇಕು ಬಿಗಿದಿರಾ? ಅದು ಎಳೆಯುವಾಗ ನಾವು ಬಿಡಬೇಕು, ಅದು ನಿಂತಾಗ ನಾವು ಎಳೆಯಬೇಕು. ಹೀಗೆ ಹಿಡಿದರೆ ನಿಮಗೂ ಇಲ್ಲ, ಅದಕ್ಕೂ ಇಲ್ಲ ಮಾರಾಯ್ರೆ," ಎಂದರು ದೋಣಿಯವರು. ಅವರು ಕೋಪಿಸಿಕೊಳ್ಳಲಿಲ್ಲ, ಅದರಿಂದ ನಮಗೆ ನಾಚಿಕೆ ಹೆಚ್ಚಾಯಿತು.

ತರಗತಿಯಲ್ಲಿ ವರುಷ ವರುಷವೂ ನಾವು ಕಲಿಸುವ ಲೆಕ್ಕವೇ ಇದು. 4 ಕಿಲೋಗ್ರಾಂ ತೂಕದ ಮೀನು ದೋಣಿಯಿಂದ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ ಅದರ ಚಲನಶಕ್ತಿ 50 ಜೂಲ್. ಅದನ್ನು ಅರ್ಧ ಮೀಟರಿನೊಳಗೆ ನಿಲ್ಲಿಸಬೇಕಾದರೆ ಸರಾಸರಿ 100 ನ್ಯೂಟನ್ ಬಲ ಬೇಕು, ಎಂದರೆ ಸುಮಾರು 10 ಕಿಲೋಗ್ರಾಂ ಭಾರದಷ್ಟು. 5 ಮೀಟರಿನಲ್ಲಿ ನಿಲ್ಲಿಸುವುದಾದರೆ 10 ನ್ಯೂಟನ್ ಸಾಕು. ಮೀನಿನ ಮಾಂಸಖಂಡಗಳ ಎಳೆತವು ಇದರ ಮೇಲೆ ಬೇರೆ. ಕಪ್ಪುಹಲಗೆಯ ಮೇಲೆ ಈ ಲೆಕ್ಕವನ್ನು ಬಿಡಿಸುವಾಗ ತಪ್ಪಿದರೆ ಒರಸಿ ಮತ್ತೆ ಬರೆಯುತ್ತೇವೆ. ಅಂದು ತಪ್ಪಿದವರು ನಾವು. ದಂಡ ತೆತ್ತದ್ದು ಮೀನು. ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡು ಅದು ಬದುಕಿತೋ ಸತ್ತಿತೋ ತಿಳಿಯುವ ಬಗೆಯಿಲ್ಲ.

ಇದರಿಂದ ನಾವು ಮುಟ್ಟಿದ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಬಯಲುಸೀಮೆಯ ವಿದ್ಯಾರ್ಥಿಗಳು ಕಡಲಿಗೆ ಹೋಗಲೇಬೇಕು; ಆದರೆ ಗಿರಾಕಿಗಳಾಗಿ ಅಲ್ಲ, ಶಿಷ್ಯರಾಗಿ ಹೋಗಬೇಕು. ನಮ್ಮ ಕಾಲೇಜುಗಳ ಪ್ರವಾಸವೆಂದರೆ ಮಲ್ಪೆಯ ಮರಳು, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು, ಒಂದಿಷ್ಟು ಛಾಯಾಚಿತ್ರಗಳು ಎಂಬಲ್ಲಿಗೆ ಮುಗಿಯುತ್ತದೆ. ಅದರಲ್ಲಿ ಒಂದು ದಿನವನ್ನಾದರೂ ಮೀನುಗಾರರೊಡನೆ ಕಳೆಯುವ ಏರ್ಪಾಡಾಗಬೇಕು. ಕೈಯಲ್ಲಿ ಮೊದಲು ಗಾಳವಲ್ಲ, ಟಿಪ್ಪಣಿಯ ಪುಸ್ತಕವಿರಲಿ. ಪ್ರತಿಧ್ವನಿಯಿಂದ ಆಳವನ್ನಳೆಯುವ ಯಂತ್ರವು 30 ಮೀಟರ್ ಆಳವನ್ನು ತೋರಿಸಿದಾಗ ಶಬ್ದವು ತಳಕ್ಕೆ ಹೋಗಿ ಬರಲು ಸೆಕೆಂಡಿನ 25ನೆಯ ಒಂದು ಪಾಲು ಮಾತ್ರ ಹಿಡಿಯಿತೆಂದು ಲೆಕ್ಕ ಹಾಕಲಿ. ಹೊಟ್ಟೆ ತೊಳಸಿದರೆ ದಿಗಂತವನ್ನು ದಿಟ್ಟಿಸಲಿ; ಕಿವಿಯೊಳಗಿನ ಸಮತೋಲದ ಅಂಗವೂ ಕಣ್ಣೂ ಒಂದಕ್ಕೊಂದು ವಿರುದ್ಧವಾದ ಸುದ್ದಿಯನ್ನು ಮಿದುಳಿಗೆ ಕಳುಹಿಸುವುದರಿಂದಲೇ ಆ ಸಂಕಟ ಬರುತ್ತದೆ. ತೇಲುಕವಚವನ್ನು ತೊಡದೆ ಯಾರೂ ದೋಣಿಯನ್ನು ಹತ್ತದಿರಲಿ.

ಹಿಡಿದು ಹಿಡಿದು ಬಿಟ್ಟರೆ ಯಾರಿಗೇನು ನಷ್ಟ ಎಂದು ಕೆಲವರು ಕೇಳಬಹುದು. ಈ ವಾದವನ್ನು ನಾವು ಒಪ್ಪುವುದಿಲ್ಲ. ಸೆಣಸಿ ದಣಿದ ಮೀನು ನೀರಿಗೆ ಬಿಟ್ಟ ಮೇಲೂ ಸಾಯುವುದುಂಟು. ಒಣಕೈಯಿಂದ ಮುಟ್ಟಿದರೆ ಅದರ ಮೈಯನ್ನು ಕಾಯುವ ಲೋಳೆಯ ಪೊರೆ ಹೋಗುತ್ತದೆ. ಬರಿಯ ಮೋಜಿಗಾಗಿ ದಿನವೆಲ್ಲ ಹಿಡಿದು ಬಿಡುವವನಿಗಿಂತ, ಊಟಕ್ಕೆ ಬೇಕಾದ ಒಂದು ಮೀನನ್ನು ಹಿಡಿದು ದಾರವನ್ನು ಸುತ್ತಿಡುವವನೇ ಕಡಲಿಗೆ ಮೇಲು. ಮರಿಮೀನು ಸಿಕ್ಕಿದರೆ ಮಾತ್ರ, ಕೈ ಒದ್ದೆ ಮಾಡಿಕೊಂಡು, ತಡಮಾಡದೆ ಬಿಡತಕ್ಕದ್ದು. ಎರಡು ಮೀಟರನ್ನೂ ಮೀರಿ ಬೆಳೆಯಬಲ್ಲ ದೊಡ್ಡ ಜಾತಿಯ ಅಂಜಲ್ ಮೊಟ್ಟೆಯಿಡುವ ಪ್ರಾಯಕ್ಕೆ ಬರುವುದು ಮುಕ್ಕಾಲು ಮೀಟರಿನ ಆಸುಪಾಸು ಬೆಳೆದ ಮೇಲೆ. ಅದಕ್ಕೆ ಮೊದಲೇ ಹಿಡಿದರೆ ಮುಂದಿನ ಪೀಳಿಗೆಯನ್ನೂ ಅದರೊಡನೆ ಹಿಡಿದಂತೆಯೇ.

ನಿಯಮಗಳೂ ಇಲ್ಲದಿಲ್ಲ. 1986ರಲ್ಲಿ ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳ ಸಂತಾನಕ್ಕೂ, ಮಳೆಗಾಲದ ಕಡಲಿನಲ್ಲಿ ಮನುಷ್ಯರ ಪ್ರಾಣಕ್ಕೂ ಇದು ರಕ್ಷಣೆ. ಆ ಎರಡು ತಿಂಗಳು ಕೈಕಟ್ಟಿ ಕುಳಿತುಕೊಳ್ಳುವವರು ಕಡಲಿನಿಂದಲೇ ಬದುಕುವವರು. ಅಂತಹವರು ಪಾಲಿಸುವ ಸಂಯಮವನ್ನು ರಜೆಯಲ್ಲಿ ಒಂದು ದಿನ ಬರುವ ನಾವು ಪಾಲಿಸಲಾರೆವೆಂದರೆ ನಮ್ಮ ವಿದ್ಯೆಗೆ ಏನು ಬೆಲೆ?

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿಯು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನು. ಕಡಲು ನಮಗೆ ಪರಸ್ಥಳವಲ್ಲ, ದೂರವಿದೆ, ಅಷ್ಟೆ. ವಿದ್ಯಾರ್ಥಿ ಮಿತ್ರರು ಒಮ್ಮೆ ಅಲ್ಲಿಗೆ ಹೋಗಿಬರಲಿ. ದೋಣಿಯನ್ನು ಹತ್ತಿದೊಡನೆ ತಮಗೆ ಗೊತ್ತಿಲ್ಲವೆಂಬುದನ್ನು ದೋಣಿಯವರಲ್ಲಿ ಹೇಳಿಕೊಳ್ಳಲಿ, ಅವರು ಹೇಳಿದಂತೆ ಕೇಳಲಿ. ಬ್ರೇಕನ್ನು ಮಾತ್ರ ಬಿಗಿಯದಿರಲಿ.