ಗಡಿಯಾರ ಯಾರ ಕೈಯಲ್ಲಿರಬೇಕು?

ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಬಿ.ಬಿ.ಎ.ಗೆ ಸೇರಿಸುವ ಮಾತು ಈಗ ಗಿರಣಿ ಕಾರ್ಮಿಕರ ಮನೆಗಳಲ್ಲೂ ಕಿರಾಣಿ ಅಂಗಡಿಕಾರರ ಮನೆಗಳಲ್ಲೂ ಕೇಳಿಬರುತ್ತಿದೆ. 2024-25ರ ಸಾಲಿನಿಂದ ಈ ತರಗತಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದ ಮೇಲಂತೂ ಅದಕ್ಕೊಂದು ಹೊಸ ಗೌರವ ಬಂದಿದೆ. ಅದರಲ್ಲಿ ‘ಕಾರ್ಯಾಚರಣೆ ನಿರ್ವಹಣೆ’ ಎಂಬ ಪಾಠವೊಂದುಂಟು. ಕೆಲಸವನ್ನು ಹೇಗೆ ಹಂಚಬೇಕು, ಯಂತ್ರಗಳನ್ನು ಹೇಗೆ ಜೋಡಿಸಬೇಕು, ಸರಕನ್ನು ಎಷ್ಟು ದಾಸ್ತಾನು ಮಾಡಬೇಕು ಎಂಬುದೇ ಅದರ ವಿಷಯ. ಇದು ಮಾಲೀಕರ ವಿದ್ಯೆ, ದುಡಿಯುವವನ ಮಕ್ಕಳಿಗೆ ಇದೇಕೆ ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಮೂಗು ಮುರಿಯುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ.

ಈ ವಿದ್ಯೆಯ ಮೂಲಪುರುಷನೆಂದು ಹೆಸರಾದವನು ಅಮೆರಿಕದ ಫ್ರೆಡರಿಕ್ ಟೇಲರ್. ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಕೂಲಿಯಾಳಿನಿಂದ ನಲವತ್ತೇಳೂವರೆ ಟನ್ ಹೊರಿಸಿದೆನೆಂದು ಅವನು 1911ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಕೂಲಿಯನ್ನೂ ಏರಿಸಿದನಂತೆ: 1 ಡಾಲರ್ 15 ಸೆಂಟ್ ಇದ್ದದ್ದು 1 ಡಾಲರ್ 85 ಸೆಂಟ್ ಆಯಿತು. ತ್ರೈರಾಶಿ ಬಲ್ಲ ಹುಡುಗ ಲೆಕ್ಕ ಹಾಕಲಿ. ಹಳೆಯ ದರದಂತೆಯೇ ಕೊಟ್ಟಿದ್ದರೂ ಆ ಆಳಿಗೆ 4 ಡಾಲರ್ 37 ಸೆಂಟ್ ಸಲ್ಲಬೇಕಾಗಿತ್ತು! ಉಳಿದದ್ದು ಯಾರ ತಿಜೋರಿಗೆ ಹೋಯಿತೆಂದು ನಾನು ಹೇಳಬೇಕೆ?

ಇದನ್ನು ಕಾರ್ಮಿಕರು ತೆಪ್ಪಗೆ ಸಹಿಸಿದರೆಂದಲ್ಲ. ಅದೇ 1911ರಲ್ಲಿ ವಾಟರ್‌ಟೌನಿನ ಸರ್ಕಾರಿ ಶಸ್ತ್ರಾಗಾರದ ಎರಕದ ಕೆಲಸಗಾರರು, ಗಡಿಯಾರ ಹಿಡಿದು ತಮ್ಮ ಬೆನ್ನ ಹಿಂದೆ ನಿಂತವನನ್ನು ಕಂಡು ಮುಷ್ಕರ ಹೂಡಿದರು. ವಿಚಾರಣೆ ನಡೆದು, 1915ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಆ ಗಡಿಯಾರವನ್ನೇ ನಿಷೇಧಿಸಿತು. ನಮ್ಮ ಮುಂಬಯಿಯ ಗಿರಣಿಗಳಲ್ಲಿ 1928ರ ಮಹಾ ಮುಷ್ಕರಕ್ಕೆ ಕಾರಣವೂ ಇದೇ ಜಾತಿಯದು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದವನು ಇನ್ನು ಮೂರು ನೋಡಿಕೊಳ್ಳಬೇಕೆಂಬ ‘ದಕ್ಷತೆ’ಯ ಯೋಜನೆ. ಇಂದು ಆನ್‌ಲೈನ್ ಕಂಪನಿಗಳ ಗೋದಾಮುಗಳಲ್ಲಿ ಗಡಿಯಾರದವನು ಕಣ್ಣಿಗೆ ಬೀಳುವುದಿಲ್ಲ. ಪೊಟ್ಟಣ ಎತ್ತುವವನ ಕೈಯಲ್ಲಿರುವ ಸ್ಕ್ಯಾನರೇ ನಿಮಿಷ ಎಣಿಸುತ್ತದೆ.

ಹಾಗಾದರೆ ಓದುವುದು ಬೇಡವೆ? ಬೇಕು. ಅಹಮದಾಬಾದಿನ ಕ್ಯಾಲಿಕೋ ಗಿರಣಿಯ ಸಂಗತಿ ಕೇಳಿ. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದು ನಿಲ್ಲಿಸಿದರೂ ಉತ್ಪಾದನೆ ಏರಲಿಲ್ಲ. ನೂಲು ಕಟ್ಟುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಕಸ ಗುಡಿಸುವವನೊಬ್ಬ, ಯಾರಿಗೂ ಯಾರ ಸಂಬಂಧವೂ ಇರಲಿಲ್ಲ. 1953ರಲ್ಲಿ ಎ. ಕೆ. ರೈಸ್ ಎಂಬ ಲಂಡನ್ನಿನ ಸಂಶೋಧಕ, ಇಷ್ಟು ಮಗ್ಗಕ್ಕೆ ಇಷ್ಟು ಜನರ ಒಂದು ಗುಂಪು ಎಂದು ಮಾಡಬಹುದೆಂಬ ಸಲಹೆ ಮುಂದಿಟ್ಟ. ಗುಂಪುಗಳನ್ನು ಕಟ್ಟಿಕೊಂಡವರು ಕಾರ್ಮಿಕರೇ. ಬಟ್ಟೆಯೂ ಹೆಚ್ಚು ಇಳಿಯಿತು, ಹಾಳಾಗುವುದೂ ತಗ್ಗಿತು. ಗಿರಣಿಯ ಕೆಲಸ ಹೇಗೆ ಸಾಗಬೇಕೆಂಬ ತಿಳಿವಳಿಕೆ ಕೆಲಸ ಮಾಡುವವನಲ್ಲೇ ಇದೆಯೆಂದು ನಾವು ಸಭೆಗಳಲ್ಲಿ ಕೂಗಿ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಪಠ್ಯಪುಸ್ತಕಗಳಲ್ಲಿ ಟೇಲರನಿಗೆ ಸಿಗುವಷ್ಟು ಜಾಗ ಇದಕ್ಕೆ ಸಿಗುವುದಿಲ್ಲ, ಅದು ಬೇರೆ ಮಾತು.

ಸಣ್ಣ ವ್ಯಾಪಾರಿಗಳಿಗೂ ಇದರಲ್ಲಿ ಪಾಲುಂಟು. ಸರಕನ್ನು ಒಂದು ಸಲಕ್ಕೆ ಎಷ್ಟು ತರಿಸಬೇಕೆಂಬ ಸೂತ್ರವನ್ನು 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬಾತ ಪ್ರಕಟಿಸಿದ. (ಮೋಟಾರು ಮಾಡಿದ ಫೋರ್ಡ್ ಬೇರೆ, ಇವನು ಬೇರೆ.) ತರಿಸುವ ಖರ್ಚನ್ನೂ ಇಟ್ಟುಕೊಳ್ಳುವ ಖರ್ಚನ್ನೂ ತೂಗಿ ನೋಡುವ ಲೆಕ್ಕ ಅದು. ಇಟ್ಟುಕೊಳ್ಳುವ ಖರ್ಚು ನಾಲ್ಕುಪಟ್ಟಾದರೆ ತರಿಸುವ ಸರಕು ಅರ್ಧಕ್ಕೆ ಇಳಿಯಬೇಕು. ಅಂದರೆ, ಕೈಸಾಲದ ಬಡ್ಡಿ ಕಟ್ಟುವ ಅಂಗಡಿಯವನು ಸ್ವಲ್ಪ ಸ್ವಲ್ಪವೇ ತರಿಸಬೇಕು. ಬ್ಯಾಂಕಿನ ಅಗ್ಗದ ಹಣವುಳ್ಳ ದೊಡ್ಡ ಮಾರ್ಟು ಲಾರಿಗಟ್ಟಲೆ ತರಿಸಿ ರಿಯಾಯಿತಿಯನ್ನೂ ಹೊಡೆದುಕೊಳ್ಳಬಹುದು. ನಮ್ಮ ಪೇಟೆಯ ಹತ್ತು ಅಂಗಡಿಯವರು ಕೂಡಿ ಬೆಲ್ಲವನ್ನೋ ಎಣ್ಣೆಯನ್ನೋ ಒಟ್ಟಿಗೆ ತರಿಸಿದರೆ ಎಷ್ಟು ಉಳಿದೀತೆಂಬುದನ್ನು ಇದೇ ಸೂತ್ರದಿಂದ ಮಗಳು ಅಪ್ಪನಿಗೆ ತೋರಿಸಿಕೊಡಬಲ್ಲಳು. ಸಹಕಾರ ತತ್ತ್ವದ ಬಗೆಗೆ ನಾನು ಮಾಡುವ ಒಂದು ಗಂಟೆಯ ಭಾಷಣಕ್ಕಿಂತ ಅದು ಮೇಲು.

ಶುಲ್ಕದ ವಿಚಾರದಲ್ಲಿ ಮಾತ್ರ ಎಚ್ಚರ. ಗಾಜಿನ ಕಟ್ಟಡ ಕಂಡು ಮರುಳಾಗಿ ಸಾಲ ಮಾಡುವ ಅಗತ್ಯವಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಬಿ.ಬಿ.ಎ. ಇದೆ, ಮೊದಲು ಅಲ್ಲಿ ವಿಚಾರಿಸಿ. ಪದವಿ ಕೈಗೆ ಬಂದೊಡನೆ ಮ್ಯಾನೇಜರ್ ಕುರ್ಚಿ ಕಾದಿರುತ್ತದೆಂದು ಹೇಳುವ ದಲ್ಲಾಳಿಗಳನ್ನು ನಂಬಬೇಡಿ. ಉಗ್ರಾಣದ ಲೆಕ್ಕ, ಸರಕು ರವಾನೆ, ಪಾಳಿಯ ಮೇಲ್ವಿಚಾರಣೆ, ಇವೇ ಮೊದಲು ಸಿಗುವ ಕೆಲಸಗಳು.

ಓದುವಾಗ ಪ್ರಾಜೆಕ್ಟಿಗೆಂದು ಮಕ್ಕಳನ್ನು ಕಾರ್ಖಾನೆಗಳಿಗೆ ಕಳಿಸುವುದುಂಟು. ಅಲ್ಲಿ ಗಡಿಯಾರ ಕೊಟ್ಟು ಕೆಲಸಗಾರನ ಹಿಂದೆ ನಿಲ್ಲಿಸಿದರೆ, ನಮ್ಮ ಮಕ್ಕಳು ಮೊದಲು ಆ ಕೆಲಸಗಾರನ ಮುಂದೆ ಬಂದು, ಯಾವುದನ್ನು ಅಳೆಯುತ್ತೇವೆ, ಏಕೆ ಅಳೆಯುತ್ತೇವೆ ಎಂದು ಹೇಳಲಿ. ಬರೆದುಕೊಂಡ ಹಾಳೆಯನ್ನು ಅವನಿಗೂ ಓದಿ ಹೇಳಲಿ.