ಸೊಂಟನೋವು ಸೋಮಾರಿತನವಲ್ಲ

ಗರ್ಭಿಣಿ ಸೊಸೆ ಸೊಂಟಕ್ಕೆ ಕೈ ಕೊಟ್ಟು ನಿಂತರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: “ನಾವು ಎಂಟು ಹೆತ್ತಿಲ್ವಾ? ನಮಗೇನೂ ಆಗ್ಲಿಲ್ಲ.” ಆಗ್ಲಿಲ್ಲ ಎಂದಲ್ಲ, ಆಗ ಯಾರೂ ಕೇಳಲಿಲ್ಲ ಅಷ್ಟೆ.

ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬೆನ್ನು ಅಥವಾ ಸೊಂಟ ನೋಯ್ತದೆ. ಹೊಟ್ಟೆ ಬೆಳೆದಂತೆ ದೇಹದ ಭಾರ ಮುಂದಕ್ಕೆ ಸರಿಯುತ್ತದೆ. ಮುಗ್ಗರಿಸದಂತೆ ಆಕೆ ಬೆನ್ನನ್ನು ಹಿಂದಕ್ಕೆ ಬಾಗಿಸ್ತಾಳೆ, ಕೆಳಬೆನ್ನಿನ ಸ್ನಾಯುಗಳು ದಿನವಿಡೀ ದುಡಿಯುತ್ತವೆ. ಇನ್ನೊಂದು ಕಡೆ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಹೆರಿಗೆಗೆ ದಾರಿಯಾಗಲೆಂದು ಸೊಂಟದ ಕೀಲುಗಳ ಕಟ್ಟನ್ನು ಸಡಿಲಿಸುತ್ತದೆ. ಸೃಷ್ಟಿಕರ್ತನ ವ್ಯವಸ್ಥೆ ಅದು. ಸೂರಾ ಲುಕ್ಮಾನ್‌ನಲ್ಲಿ ಹೆತ್ತವರಿಗೆ ಕೃತಜ್ಞರಾಗಿರಲು ಹೇಳುವಾಗ ತಾಯಿಯ ಈ ಬಳಲಿಕೆಯನ್ನೇ ನೆನಪಿಸಲಾಗಿದೆ. ಮದ್ರಸದ ಮಕ್ಕಳು ಬಾಯಿಪಾಠ ಹೇಳುವ ಆಯತ್ ಅದು.

ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟುವ ಮನೆಗಳ ಸಂಗತಿ ಬೇರೆಯೇ ಹೇಳಬೇಕು. ನೆಲದಲ್ಲಿ ಕೂತು, ಮಡಿಲಲ್ಲಿ ತಡ್ಪೆ ಇಟ್ಟು, ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಕೆಲಸ. ಎಂಟು ತಿಂಗಳ ಹೊಟ್ಟೆಯೊಂದಿಗೆ ಆ ಭಂಗಿ ಬೆನ್ನಿಗೆ ಏನು ಮಾಡ್ತದೆ ಎಂದು ಡಾಕ್ಟರೇ ಹೇಳಬೇಕೆಂದಿಲ್ಲ. ಹೊಗೆಸೊಪ್ಪಿನ ಧೂಳು ಮಗುವಿಗೂ ಒಳ್ಳೆಯದಲ್ಲ. ಆ ತಿಂಗಳುಗಳಲ್ಲಿ ನಿಲ್ಲಿಸುವುದೇ ಲೇಸು. ವಾರದ ಮಜೂರಿ ಹೋಗ್ತದೆ ನಿಜ, ಬಾಡಿಗೆ ಮನೆಯವರಿಗೆ ಅದು ಸಣ್ಣ ಮಾತಲ್ಲ. ಆ ಲೆಕ್ಕವನ್ನು ಗಂಡನೂ ಅತ್ತೆಯೂ ಕೂತು ಮಾಡಬೇಕು, ಅವಳೊಬ್ಬಳ ತಲೆಗೆ ಕಟ್ಟಬಾರದು. ನಿಲ್ಲಿಸಲು ಆಗದಿದ್ದರೆ ಗೋಡೆಗೆ ದಿಂಬು ಕೊಟ್ಟು ಒರಗಿ ಕೂರಲಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲಿ.

ನೀರಿನ ಕೊಡ, ಒದ್ದೆ ಬಟ್ಟೆಯ ಬಕೆಟು, ಸೊಂಟದಲ್ಲಿ ಮೊದಲ ಮಗು, ಇವು ಬೇರೆಯವರ ಕೈಗೆ ಹೋಗಲಿ. ಪ್ರವಾದಿಯವರು (ಸ) ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಆಯಿಷಾ (ರ) ತಿಳಿಸಿದ್ದಾರೆ. ಗಲ್ಫಿನಲ್ಲಿರುವವರು ಹೆಂಡತಿಗೆ “ರೆಸ್ಟ್ ಮಾಡು” ಎಂದು ವಾಟ್ಸಾಪ್ ಕಳಿಸಿದರೆ ಸಾಲದು ಮಾರಾಯ್ರೆ, ಉಮ್ಮನಿಗೂ ಒಂದು ಫೋನ್ ಮಾಡಿ ಹೇಳಬೇಕು. ರಾತ್ರಿ ಒಂದು ಬದಿಗೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟರೆ ಎಷ್ಟೋ ಹಗುರ.

ನಮಾಝಿನ ಬಗ್ಗೆಯೂ ಹೆಂಗಸರು ಕೇಳ್ತಾರೆ. ನಿಲ್ಲಲು ತೀರಾ ಕಷ್ಟವಾದರೆ ಕೂತು ಮಾಡಲು ಶರೀಅತ್ ಅನುಮತಿ ಕೊಟ್ಟಿದೆ, ಅದೂ ಆಗದಿದ್ದರೆ ಮಲಗಿ. ನಿಲ್ಲಲು ಆಗುವಷ್ಟು ಹೊತ್ತು ನಿಂತು, ಆಗದ ಕಡೆ ಕೂರುವುದು. ವಿವರವನ್ನು ನಿಮ್ಮ ಖತೀಬರ ಬಳಿ ಕೇಳಿ, ನಾಚಿಕೆ ಬೇಡ.

ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸುವ ಅಭ್ಯಾಸ ಮಾತ್ರ ಬಿಡಲೇಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು 20 ವಾರ ದಾಟಿದ ಮೇಲೆ ಮಗುವಿನ ಕಿಡ್ನಿಗೆ ತೊಂದರೆ ಕೊಡಬಹುದು, ಗರ್ಭದ ನೀರೂ ಕಡಿಮೆಯಾದೀತು. ಪ್ಯಾರಸಿಟಮಾಲ್ ಆದರೂ ಡಾಕ್ಟರನ್ನು ಕೇಳಿಯೇ.

ಎಲ್ಲ ನೋವೂ ಸಹಜವಲ್ಲ. ತಿಂಗಳು ತುಂಬುವ ಮೊದಲೇ ನೋವು ಬಿಟ್ಟು ಬಿಟ್ಟು ಅಲೆಯಂತೆ ಬಂದರೆ ಅದು ಅಕಾಲ ಹೆರಿಗೆಯ ಸೂಚನೆ ಇರಬಹುದು. ಜ್ವರ, ಉರಿಮೂತ್ರ ಜೊತೆಗಿದ್ದರೆ ಕಿಡ್ನಿಯ ಸೋಂಕು ಆಗಿರಬಹುದು. ರಕ್ತ ಕಂಡರೆ, ಕಾಲು ಮರಗಟ್ಟಿದರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಹಿಡಿತ ತಪ್ಪಿದರೆ ಬೆಳಗಾಗಲಿ ಎಂದು ಕಾಯಬೇಡಿ. ಎಣ್ಣೆ ತಿಕ್ಕಿ ನೋಡುವ ಹೊತ್ತಲ್ಲ ಅದು.

ಸಿಝೇರಿಯನ್ ಆದವರು “ಬೆನ್ನಿಗೆ ಚುಚ್ಚಿದ್ದರಿಂದಲೇ ಈ ನೋವು” ಎಂದು ಎಲ್ಲ ಕಡೆ ಹೇಳ್ತಾರೆ. ಅದನ್ನು ಕೇಳಿದ ಎಳೆಯ ಹುಡುಗಿಯರು ಆಪರೇಷನ್ ಅಗತ್ಯವಿದ್ದಾಗಲೂ ಹೆದರಿ ತಡ ಮಾಡ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವೂ ಬರ್ತದೆ. ಆದರೆ ವರ್ಷಗಟ್ಟಲೆಯ ಬೆನ್ನುನೋವಿಗೆ ಆ ಇಂಜೆಕ್ಷನ್ ಕಾರಣವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಸಡಿಲಾದ ಹೊಟ್ಟೆಯ ಸ್ನಾಯು, ಬಗ್ಗಿ ಹಾಲೂಡಿಸುವುದು, ಮಗುವನ್ನು ಎತ್ತಿ ಇಳಿಸುವುದು, ಇವುಗಳ ಪಾಲೇ ದೊಡ್ಡದು. ಮೊದಲೇ ಡಿಸ್ಕ್ ತೊಂದರೆ ಇರುವವರು, ಬೆನ್ನುಮೂಳೆ ಓರೆಯಿರುವವರು ಅಥವಾ ಅದಕ್ಕೆ ಆಪರೇಷನ್ ಆದವರು ಹಳೆಯ ಸ್ಕ್ಯಾನ್ ಕಾಗದಗಳನ್ನು ತಿಂಗಳು ತುಂಬುವ ಮೊದಲೇ ಡಾಕ್ಟರಿಗೆ ತೋರಿಸಬೇಕು.

ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಉಂಟು. ಹೋದಾಗ ಬಿಪಿ, ತೂಕ ನೋಡಿಸಿ ಬಂದುಬಿಡಬೇಡಿ. ಅವರು ಕೇಳದಿದ್ದರೂ ಸೊಂಟನೋವಿನ ವಿಷಯ ಬಾಯಿ ಬಿಟ್ಟು ಹೇಳಿ.