ಮುಚ್ಚಿದ ಬಾಗಿಲಿನ ಮುಂದೆ ಒಬ್ಬ ರಾಣಿ

1821ರ ಜುಲೈ 19. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜನ ಪಟ್ಟಾಭಿಷೇಕ. ಅದೇ ಬೆಳಿಗ್ಗೆ ಆತನ ಧರ್ಮಪತ್ನಿ ರಾಣಿ ಕ್ಯಾರೊಲಿನ್ ಅಬ್ಬೆಯ ಬಾಗಿಲಿನಿಂದ ಬಾಗಿಲಿಗೆ ಅಲೆಯುತ್ತಿದ್ದಳು. ಪ್ರವೇಶಪತ್ರವಿಲ್ಲದವರನ್ನು ಒಳಗೆ ಬಿಡಲಾಗದೆಂದು ಕಾವಲಿನವರು ತಡೆದರು. ನೆರೆದ ಜನರ ಕಣ್ಣೆದುರಿನಲ್ಲೇ ಆಕೆ ಹಿಂದಿರುಗಬೇಕಾಯಿತು. ಹತ್ತೊಂಬತ್ತು ದಿನಗಳ ಬಳಿಕ, ಆಗಸ್ಟ್ 7ರಂದು, ಆಕೆ ತೀರಿಕೊಂಡಳು.

ರಾಣಿಯ ಮೇಲಿದ್ದ ಆರೋಪ ಪರಪುರುಷನ ಸಂಗ. ಆರೋಪ ಹೊರಿಸಿದವನು ಗಂಡ. ಆ ಗಂಡನ ಬಾಳು ಎಂಥದೆಂದು ಅರಿತರೆ ಮಾತ್ರ ಈ ಪ್ರಕರಣದ ಮರ್ಮ ತಿಳಿದೀತು.

ಯುವರಾಜನಾಗಿದ್ದಾಗಲೇ, 1785ರಲ್ಲಿ, ಜಾರ್ಜನು ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ಗುಟ್ಟಾಗಿ ಮದುವೆಯಾಗಿದ್ದ. ಅರಸನ ಒಪ್ಪಿಗೆಯಿಲ್ಲದ ರಾಜವಂಶದ ಮದುವೆ ಅಸಿಂಧುವೆಂದು 1772ರ ಕಾಯಿದೆ ಸಾರಿತ್ತು. ಕ್ಯಾಥೊಲಿಕರನ್ನು ವರಿಸಿದವನಿಗೆ ಸಿಂಹಾಸನವಿಲ್ಲವೆಂದು 1701ರ ಕಾಯಿದೆ ವಿಧಿಸಿತ್ತು. ಹೀಗಾಗಿ ಪಾದ್ರಿಯ ಮುಂದೆ ಕೈಹಿಡಿದ ಮರಿಯಾ ಕಾನೂನಿನ ಕಣ್ಣಿಗೆ ಹೆಂಡತಿಯೇ ಆಗಲಿಲ್ಲ. 1787ರಲ್ಲಿ ಯುವರಾಜನ ಮಿತ್ರ ಚಾರ್ಲ್ಸ್ ಜೇಮ್ಸ್ ಫಾಕ್ಸ್, ಅಂಥ ಮದುವೆ ನಡೆದೇ ಇಲ್ಲವೆಂದು ಪಾರ್ಲಿಮೆಂಟಿನಲ್ಲಿ ಘೋಷಿಸಿದ. ಯುವರಾಜನ ಪಟ್ಟದ ಹಕ್ಕು ಉಳಿಯಿತು. ಹೋದದ್ದು ಮರಿಯಾಳ ಮಾನ.

ಮುಂದೆ ಆರು ಲಕ್ಷ ಪೌಂಡಿಗೂ ಮಿಕ್ಕ ಸಾಲ ಜಾರ್ಜನ ಕೊರಳಿಗೆ ಬಿತ್ತು. ಅದು ತೀರಬೇಕಾದರೆ ರಾಜಮನೆತನಕ್ಕೆ ಒಪ್ಪುವ ಮದುವೆಯಾಗಬೇಕಿತ್ತು. 1795ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಿಂದ ಸೋದರ ಸಂಬಂಧಿ ಕ್ಯಾರೊಲಿನ್ ಬಂದಳು. ಆಕೆಯನ್ನು ಎದುರುಗೊಂಡವಳು ಲೇಡಿ ಜರ್ಸಿ: ಒಬ್ಬ ಅರ್ಲ್‌ನ ಪತ್ನಿ, ಯುವರಾಜನ ಉಪಪತ್ನಿ. ಅವಳನ್ನೇ ನವವಧುವಿನ ಅಂತಃಪುರದ ಸಖಿಯಾಗಿ ನೇಮಿಸಲಾಗಿತ್ತು. ಮರುವರ್ಷ ಮಗಳು ಶಾರ್ಲೆಟ್ ಹುಟ್ಟಿದ ಕೆಲವೇ ತಿಂಗಳಲ್ಲಿ ದಂಪತಿ ಬೇರೆಯಾದರು. ಕ್ಯಾರೊಲಿನ್‌ಗೆ ಅಕ್ರಮ ಸಂತಾನವಿದೆಯೆಂಬ ದೂರಿನ ಮೇಲೆ 1806ರಲ್ಲಿ ಗುಪ್ತ ವಿಚಾರಣೆಯೂ ನಡೆದು, ದೂರು ಆಧಾರರಹಿತವೆಂದು ತೀರ್ಮಾನವಾಯಿತು. ಬೇಸತ್ತ ಆಕೆ 1814ರಲ್ಲಿ ದೇಶಬಿಟ್ಟು ಇಟಲಿಯಲ್ಲಿ ನೆಲೆಸಿದಳು.

ಅಂದಿನ ಶ್ರೀಮಂತ ಸಮಾಜದಲ್ಲಿ ಅರಸನ ಪರಸ್ತ್ರೀಸಂಗ ದೋಷವೆನಿಸಿರಲಿಲ್ಲ. ಹದಿನೇಳನೆಯ ಶತಮಾನದ ಎರಡನೆಯ ಚಾರ್ಲ್ಸ್ ದೊರೆ ತನ್ನ ಉಪಪತ್ನಿಯರ ಗಂಡುಮಕ್ಕಳಿಗೆ ಡ್ಯೂಕ್ ಪದವಿಗಳನ್ನೇ ಹಂಚಿದ್ದ. ಗ್ರಾಫ್ಟನ್, ರಿಚ್ಮಂಡ್, ಸೇಂಟ್ ಆಲ್ಬನ್ಸ್ ಮನೆತನಗಳು ಹಾಗೆ ಹುಟ್ಟಿದವು. ಕ್ಯಾರೊಲಿನ್‌ಳ ಶೀಲವನ್ನು ಅಳೆಯಲು ಕುಳಿತ ಪ್ರಭುಗಳ ಸಭೆಯಲ್ಲಿ ಈ ಮನೆತನಗಳಿಗೆ ವಂಶಪಾರಂಪರ್ಯವಾಗಿ ಸ್ಥಾನವಿತ್ತು!

1820ರಲ್ಲಿ ಜಾರ್ಜ್ ದೊರೆಯಾದ. ವರ್ಷಕ್ಕೆ ಐವತ್ತು ಸಾವಿರ ಪೌಂಡ್ ಕೊಡುವೆವು, ದೇಶದೊಳಗೆ ಬರಕೂಡದೆಂಬ ಸಂಧಾನವನ್ನು ತಿರಸ್ಕರಿಸಿ ರಾಣಿ ಜೂನ್ ತಿಂಗಳಲ್ಲಿ ಮರಳಿದಳು. ಆಗ ಸರಕಾರವು ಆಕೆಯ ಪದವಿಯನ್ನು ಕಿತ್ತು ವಿವಾಹವನ್ನು ರದ್ದುಪಡಿಸುವ ಮಸೂದೆಯೊಂದನ್ನು ಪ್ರಭುಗಳ ಸಭೆಯಲ್ಲಿ ಮಂಡಿಸಿತು. ನ್ಯಾಯಾಲಯಕ್ಕೆ ಏಕೆ ಹೋಗಲಿಲ್ಲ? ಅಂದು ವೈವಾಹಿಕ ವ್ಯಾಜ್ಯಗಳು ಚರ್ಚಿನ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದವು. ಅರ್ಜಿದಾರನೂ ಅದೇ ತಪ್ಪೆಸಗಿದ್ದರೆ ಪರಿಹಾರ ಬೇಡುವಂತಿಲ್ಲವೆಂಬುದು ಅಲ್ಲಿನ ನಿಯಮ. ಅಲ್ಲಿ ರಾಣಿ ಗಂಡನ ನಡತೆಯನ್ನೇ ಉತ್ತರವಾಗಿ ಮುಂದಿಡಬಹುದಿತ್ತು. ಮಸೂದೆಯ ದಾರಿಯಲ್ಲಿ ಆ ಅಡ್ಡಿಯಿರಲಿಲ್ಲ.

ಆಗಸ್ಟ್ 17ರಂದು ವಿಚಾರಣೆ ಮೊದಲಾಯಿತು. ರಾಣಿಯು ತನ್ನ ಪರಿಚಾರಕ ಬಾರ್ಟೊಲೊಮಿಯೊ ಪೆರ್ಗಾಮಿಯೊಡನೆ ಸಂಬಂಧವಿರಿಸಿಕೊಂಡಿದ್ದಳೆಂದು ಇಟಲಿಯಿಂದ ಕರೆತಂದ ಸೇವಕರು ಸಾಕ್ಷ್ಯ ನುಡಿದರು. ರಾಣಿಯ ಪರ ವಕೀಲ ಹೆನ್ರಿ ಬ್ರೂಮ್‌ನ ಪಾಟಿಸವಾಲಿಗೆ ಮುಖ್ಯ ಸಾಕ್ಷಿ ಮಜೊಕಿ ಮತ್ತೆ ಮತ್ತೆ ಕೊಟ್ಟ ಉತ್ತರ ಒಂದೇ: 'ನೆನಪಿಲ್ಲ.' ಆ ಮಾತು ಲಂಡನ್ನಿನ ಬೀದಿಗಳಲ್ಲಿ ನಗೆಯ ಗಾದೆಯಾಯಿತು. ಸಾವಿರಾರು ಸಾಮಾನ್ಯ ಸ್ತ್ರೀಯರು ರಾಣಿಗೆ ಬೆಂಬಲವಾಗಿ ಮನವಿಗಳಿಗೆ ಸಹಿ ಹಾಕಿದರು. ನವೆಂಬರ್ 10ರಂದು ಮಸೂದೆಯ ಪರ 108, ವಿರುದ್ಧ 99 ಮತಗಳು ಬಿದ್ದವು. ಒಂಬತ್ತೇ ಮತಗಳ ಗೆಲುವಿನೊಡನೆ ಜನಸಭೆಯನ್ನು ಎದುರಿಸಲು ಧೈರ್ಯ ಸಾಲದೆ ಪ್ರಧಾನಿ ಲಿವರ್‌ಪೂಲ್ ಮಸೂದೆಯನ್ನು ಕೈಬಿಟ್ಟ.

ಆ ಸ್ತ್ರೀಯರು ಸುಮ್ಮನೆ ಸಹಿ ಹಾಕಿದವರಲ್ಲ. ಅರಮನೆಯ ತಕ್ಕಡಿಯೇ ಅವರ ಮನೆಗಳನ್ನೂ ತೂಗುತ್ತಿತ್ತು. 1857ರವರೆಗೆ ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನ ಪ್ರತ್ಯೇಕ ಕಾಯಿದೆಯೇ ಬೇಕಿತ್ತು. ಮುನ್ನೂರಕ್ಕೂ ಮಿಕ್ಕ ಅಂಥ ಕಾಯಿದೆಗಳಲ್ಲಿ ಹೆಂಡತಿಯರಿಗೆ ದೊರೆತವು ನಾಲ್ಕು ಮಾತ್ರ. 1857ರ ಕಾಯಿದೆ ನ್ಯಾಯಾಲಯದ ಬಾಗಿಲು ತೆರೆದರೂ ಭೇದವನ್ನು ಉಳಿಸಿತು. ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕು. ಇಂಗ್ಲೆಂಡಿನಲ್ಲಿ ಇದು ಸಮವಾದದ್ದು 1923ರಲ್ಲಿ.

ಈ ತಕ್ಕಡಿ ಹಡಗೇರಿ ನಮ್ಮಲ್ಲಿಗೂ ಬಂತು. ಕ್ರೈಸ್ತರಿಗಾಗಿ ಮಾಡಿದ 1869ರ ಭಾರತೀಯ ವಿಚ್ಛೇದನ ಕಾಯಿದೆಯಲ್ಲಿ ಅದೇ ಭೇದ ಅಚ್ಚಾಯಿತು. ಅದನ್ನು 1995ರಲ್ಲಿ ಕೇರಳ ಹೈಕೋರ್ಟ್ ಸಂವಿಧಾನವಿರೋಧಿಯೆಂದು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. 1860ರ ದಂಡಸಂಹಿತೆಯ 497ನೆಯ ಕಲಮು ಇನ್ನೊಂದು ಬಗೆಯದು. ಪರಪತ್ನಿಯೊಡನೆ ಕೂಡಿದ ಪುರುಷನಿಗೆ ಐದು ವರ್ಷಗಳವರೆಗೆ ಸಜೆ. ಆದರೆ ಆಕೆಯ ಗಂಡನ ಸಮ್ಮತಿಯಿದ್ದರೆ ಅದು ಅಪರಾಧವೇ ಅಲ್ಲ! ತಪ್ಪುಗಾರನ ಹೆಂಡತಿಗಂತೂ ದೂರುವ ಹಕ್ಕೇ ಇರಲಿಲ್ಲ. ಆ ಕಲಮು ಕಾಯುತ್ತಿದ್ದದ್ದು ದಾಂಪತ್ಯದ ನಿಷ್ಠೆಯನ್ನಲ್ಲ, ಗಂಡನ ಒಡೆತನವನ್ನು. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದುಪಡಿಸಿತು.

ಇದರರ್ಥ ದಾಂಪತ್ಯದ್ರೋಹಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತೆಂದಲ್ಲ. ಅದು ಇಂದಿಗೂ ವಿಚ್ಛೇದನಕ್ಕೆ ಕಾರಣವೇ. ಗಂಡ ದೂರಿದರೂ ಹೆಂಡತಿ ದೂರಿದರೂ ಒಂದೇ ತೂಕ. ಅನ್ಯಾಯಕ್ಕೊಳಗಾದ ಇಂಗ್ಲೆಂಡಿನ ರಾಣಿ ಎಂದು ತನ್ನ ಸಮಾಧಿಯ ಮೇಲೆ ಬರೆಯಬೇಕೆಂಬುದು ಕ್ಯಾರೊಲಿನ್‌ಳ ಕೊನೆಯ ಬಯಕೆಯಾಗಿತ್ತು. ಶವಪೆಟ್ಟಿಗೆಗೆ ಹಚ್ಚಿದ ಆ ಫಲಕವನ್ನು ಅಧಿಕಾರಿಗಳು ದಾರಿಯಲ್ಲೇ ತೆಗೆಸಿದರು. ಆಕೆ ಕೇಳಿದ್ದು ದಯೆಯನ್ನಲ್ಲ, ಗಂಡನಿಗೂ ತನಗೂ ಒಂದೇ ಅಳತೆಯನ್ನು. ಆ ಅಳತೆ ಕಾನೂನಿನ ಪುಸ್ತಕಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ಮನೆಯೊಳಗೆ ಅದನ್ನು ತರಲು ಯಾವ ಪೀಠದ ತೀರ್ಪಿಗೂ ಕಾಯಬೇಕಿಲ್ಲ.